ಲೆನಾರ್ಟ್ ಮೆರಿಯವರ ಕ್ಯಾಮೆರಾ ಕಂಡ ರಷ್ಯಾ

ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ 2007ರಿಂದ ಲೆನಾರ್ಟ್ ಮೆರಿಯವರ ಹೆಸರಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತ ಬಂದಿದೆ. ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಸಚಿವರು, ಸೇನಾಧಿಕಾರಿಗಳು ಮತ್ತು ವಿದೇಶಾಂಗ ನೀತಿಯ ತಜ್ಞರು; ಮಾತು ಬಹುಮಟ್ಟಿಗೆ ಭದ್ರತೆಯದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದ ಮೇಲಂತೂ ಎಸ್ಟೋನಿಯಾದ ಈ ಮಾಜಿ ಅಧ್ಯಕ್ಷರನ್ನು ಯುರೋಪು ಹೊಸದಾಗಿ ನೆನೆಯತೊಡಗಿದೆ. 1994ರ ಫೆಬ್ರವರಿ 25ರಂದು ಹ್ಯಾಂಬರ್ಗ್ ನಗರದ ಒಂದು ಸಾಂಪ್ರದಾಯಿಕ ಔತಣಕೂಟದಲ್ಲಿ ಮಾತನಾಡುತ್ತ ಅವರು, ರಷ್ಯಾ ತನ್ನ ಸಾಮ್ರಾಜ್ಯದ ಹಂಬಲವನ್ನು ಬಿಟ್ಟಿಲ್ಲವೆಂದೂ ನೆರೆದೇಶಗಳಲ್ಲಿರುವ ರಷ್ಯನ್ ಭಾಷಿಕರ ರಕ್ಷಣೆಯ ಹೆಸರಿನಲ್ಲಿ ಅದು ಹಸ್ತಕ್ಷೇಪಕ್ಕೆ ದಾರಿ ಮಾಡಿಕೊಳ್ಳುತ್ತಿದೆಯೆಂದೂ ಎಚ್ಚರಿಸಿದ್ದರು. ಅಂದು ಸಭೆಯಲ್ಲಿದ್ದ, ಆಗ ಸೇಂಟ್ ಪೀಟರ್ಸ್‌ಬರ್ಗ್‌ನ ಉಪಮೇಯರ್ ಆಗಿದ್ದ ವ್ಲಾದಿಮಿರ್ ಪುಟಿನ್ ಭಾಷಣ ಮುಗಿಯುವ ಮುನ್ನವೇ ಎದ್ದು ಹೊರನಡೆದರು. ಈ ಪ್ರಸಂಗ ಈಗ ಯುರೋಪಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ, ಮೆರಿಯವರು ಮುಂದಾಗುವುದನ್ನು ಮೊದಲೇ ಕಂಡ ರಾಜಕಾರಣಿ ಎಂಬ ಚಿತ್ರವೂ ಅದರೊಂದಿಗೆ ಗಟ್ಟಿಯಾಗುತ್ತಿದೆ.

ಆ ಚಿತ್ರ ಸುಳ್ಳಲ್ಲ. ಆದರೆ ಅದು ಮೆರಿಯವರ ಬದುಕಿನ ಕೊನೆಯ ಹದಿನೈದು ವರ್ಷಗಳನ್ನಷ್ಟೇ ಹಿಡಿದುಕೊಂಡು, ಅದಕ್ಕೂ ಹಿಂದಿನ ಮೂವತ್ತೈದು ವರ್ಷಗಳ ದುಡಿಮೆಯನ್ನು ಬದಿಗೆ ಸರಿಸುತ್ತದೆ. ರಾಜಕೀಯಕ್ಕೆ ಬರುವ ಮೊದಲು ಅವರು ರಂಗಭೂಮಿಯಲ್ಲಿ ಸಾಹಿತ್ಯ ಸಲಹೆಗಾರ, ರೇಡಿಯೊ ನಾಟಕಗಳ ನಿರ್ಮಾಪಕ, ಪ್ರವಾಸ ಕಥನಕಾರ, ಅನುವಾದಕ, ಸಾಕ್ಷ್ಯಚಿತ್ರ ನಿರ್ದೇಶಕ ಮತ್ತು ಪ್ರಾಚೀನ ಇತಿಹಾಸದ ಪ್ರಬಂಧಕಾರ ಆಗಿದ್ದವರು. ರಷ್ಯಾದ ಬಗ್ಗೆ ಅವರಿಗಿದ್ದ ಸ್ಪಷ್ಟತೆ ಗುಪ್ತಚರ ವರದಿಗಳನ್ನು ಓದಿ ಬಂದದ್ದಲ್ಲ. ರಷ್ಯಾದ ಒಳಗೇ ಇರುವ, ತಮ್ಮ ಭಾಷೆಯನ್ನು ಕಳೆದುಕೊಳ್ಳುತ್ತಿದ್ದ ಸಣ್ಣ ಜನಾಂಗಗಳ ನಡುವೆ ವರ್ಷಗಟ್ಟಲೆ ಅಲೆದಾಡಿ, ಅವರ ಮನೆಗಳಲ್ಲಿ ಕುಳಿತು, ಅವರ ಹಾಡು ಮತ್ತು ಆಚರಣೆಗಳನ್ನು ಚಿತ್ರೀಕರಿಸಿ ಬಂದದ್ದು. ಹ್ಯಾಂಬರ್ಗ್ ಭಾಷಣವನ್ನು ನೆನೆಯುವ ಯುರೋಪು ಆ ಜನಾಂಗಗಳನ್ನು ಮರೆತಿದೆ ಎಂಬುದು ನನ್ನ ಆಕ್ಷೇಪ. ಅವರ ಸ್ಥಿತಿ ಮೆರಿಯವರ ಕಾಲಕ್ಕಿಂತ ಇಂದು ಹೆಚ್ಚು ಕಠಿಣವಾಗಿರುವಾಗ ಈ ಮರೆವು ಸಣ್ಣ ಸಂಗತಿಯಲ್ಲ.

ಮೆರಿಯವರು ಹುಟ್ಟಿದ್ದು 1929ರ ಮಾರ್ಚ್ 29ರಂದು, ತಾಲಿನ್‌ನಲ್ಲಿ. ತಂದೆ ಗೆಯೋರ್ಗ್ ಮೆರಿ ರಾಜತಾಂತ್ರಿಕರು. ಮುಂದೆ ಶೇಕ್ಸ್‌ಪಿಯರ್ ನಾಟಕಗಳನ್ನು ಎಸ್ಟೋನಿಯನ್ ಭಾಷೆಗೆ ತಂದ ಅನುವಾದಕರೆಂದು ಹೆಸರಾದರು. ತಂದೆಯ ವೃತ್ತಿಯಿಂದಾಗಿ ಹುಡುಗನ ಶಿಕ್ಷಣ ಒಂಬತ್ತು ಶಾಲೆಗಳಲ್ಲಿ, ನಾಲ್ಕು ಭಾಷೆಗಳಲ್ಲಿ ನಡೆಯಿತು. 1940ರಲ್ಲಿ ಸೋವಿಯತ್ ಒಕ್ಕೂಟ ಎಸ್ಟೋನಿಯಾವನ್ನು ಆಕ್ರಮಿಸಿತು. ಮರುವರ್ಷ ಜೂನ್ 14ರಂದು ಆ ಪುಟ್ಟ ದೇಶದಿಂದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲಿನ ಸರಕು ಡಬ್ಬಿಗಳಲ್ಲಿ ತುಂಬಿ ರಷ್ಯಾದ ಒಳನಾಡಿಗೆ ಸಾಗಿಸಲಾಯಿತು. ಗಂಡಸರನ್ನು ಬೇರ್ಪಡಿಸಿ ಶ್ರಮಶಿಬಿರಗಳಿಗೆ ಅಟ್ಟಿದರು, ಹೆಂಗಸರು ಮಕ್ಕಳನ್ನು ದೂರದ ಹಳ್ಳಿಗಳಿಗೆ ಗಡೀಪಾರು ಮಾಡಿದರು. ಮೆರಿ ಕುಟುಂಬವೂ ಅದರಲ್ಲಿತ್ತು. ಹನ್ನೆರಡರ ಹರೆಯದ ಲೆನಾರ್ಟ್ ಮರ ಕಡಿಯುವ, ಆಲೂಗೆಡ್ಡೆ ಸುಲಿಯುವ, ನದಿಯಲ್ಲಿ ದಿಮ್ಮಿಗಳನ್ನು ತೇಲಿಬಿಡುವ ಕೆಲಸಕ್ಕೆ ಸೇರಬೇಕಾಯಿತು. ಕುಟುಂಬ ಬದುಕಿ ಉಳಿದು ಊರಿಗೆ ಮರಳಿದ್ದು ಆ ಕಾಲದಲ್ಲಿ ಎಲ್ಲರಿಗೂ ಒದಗದ ಅದೃಷ್ಟ.

ಇದೇ ಮನೆತನದ ಇನ್ನೊಂದು ಎಳೆಯನ್ನೂ ಹೇಳಬೇಕು. ಲೆನಾರ್ಟ್ ಅವರ ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನ ಸೋದರ ಆರ್ನಾಲ್ಡ್ ಮೆರಿ ಕೆಂಪು ಸೇನೆಯಲ್ಲಿ ಹೋರಾಡಿ ‘ಸೋವಿಯತ್ ಒಕ್ಕೂಟದ ವೀರ’ ಎಂಬ ಬಿರುದು ಪಡೆದವರು. 1949ರ ಮಾರ್ಚ್‌ನಲ್ಲಿ ನಡೆದ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಸ್ಟೋನಿಯನ್ನರನ್ನು ದೇಶದಿಂದ ಹೊರಗಟ್ಟಿದ ಎರಡನೆಯ ದೊಡ್ಡ ಗಡೀಪಾರಿನ ವೇಳೆ ಹೀಯುಮಾ ದ್ವೀಪದಲ್ಲಿ ಅವರು ವಹಿಸಿದ ಪಾತ್ರಕ್ಕಾಗಿ ಸ್ವತಂತ್ರ ಎಸ್ಟೋನಿಯಾ ಅವರ ಮೇಲೆ ಮೊಕದ್ದಮೆ ಹೂಡಿತು. ಅವರು ಆರೋಪವನ್ನು ನಿರಾಕರಿಸಿದರು, ತೀರ್ಪು ಬರುವ ಮುನ್ನವೇ 2009ರಲ್ಲಿ ತೀರಿಕೊಂಡರು. ಇಪ್ಪತ್ತನೆಯ ಶತಮಾನ ಎಸ್ಟೋನಿಯಾದ ಮನೆಗಳನ್ನು ಎಷ್ಟು ಒಳಗಿನಿಂದ ಸೀಳಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತಾರ್ತು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಲೆನಾರ್ಟ್ 1953ರಲ್ಲಿ ಉತ್ತಮ ಶ್ರೇಣಿಯಲ್ಲಿ ಪದವಿ ಪಡೆದರು. ಆದರೆ ಗಡೀಪಾರಾದವರ ಮಗನಿಗೆ ಇತಿಹಾಸಕಾರನಾಗಿ ಕೆಲಸ ಮಾಡುವ ಅವಕಾಶ ಸಿಗಲಿಲ್ಲ. ಹೀಗೆ ಮುಚ್ಚಿದ ಬಾಗಿಲೇ ಅವರನ್ನು ಹಲವು ಕಲೆಗಳ ಕಡೆಗೆ ತಿರುಗಿಸಿತು. ಮೊದಲು ತಾರ್ತುವಿನ ವಾನೆಮುಯಿನೆ ರಂಗಮಂದಿರ, ಆಮೇಲೆ ಎಸ್ಟೋನಿಯನ್ ರೇಡಿಯೊದ ನಾಟಕ ವಿಭಾಗ, 1960ರ ದಶಕದಿಂದ ತಾಲಿನ್‌ಫಿಲ್ಮ್ ಸ್ಟುಡಿಯೊ. ನಡುನಡುವೆ ರೆಮಾರ್ಕ್, ಗ್ರಹಾಂ ಗ್ರೀನ್, ಸೋಲ್ಜೆನಿತ್ಸಿನ್ ಮೊದಲಾದವರ ಅನುವಾದಗಳು. 1958ರಲ್ಲಿ ಅವರು ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳಿಗೂ ಕರಕುಮ್ ಮರುಭೂಮಿಗೂ ಹೋಗಿ ಬಂದು ಬರೆದ ಮೊದಲ ಪುಸ್ತಕ ಓದುಗರನ್ನು ಗೆದ್ದಿತು. ಬಳಿಕ ಕಮ್ಚಾಟ್ಕಾದ ಅಗ್ನಿಪರ್ವತಗಳ ನಾಡಿನ ಕಥನ ಬಂತು, 1974ರಲ್ಲಿ ಉತ್ತರ ಧ್ರುವಪ್ರದೇಶದ ಅಂಚಿನ ಅಲೆದಾಟದ ಕಥನ ಬಂತು. ಕೊನೆಯದು ಫಿನ್ಲೆಂಡಿನಲ್ಲಿಯೂ ಬಹಳ ಜನಪ್ರಿಯವಾಯಿತು.

ಪ್ರವಾಸ ಕಥನವೆಂದರೆ ನಿರುಪದ್ರವಿ ಪ್ರಕಾರವೆಂದು ಸೋವಿಯತ್ ಸೆನ್ಸಾರ್ ಭಾವಿಸಿದ್ದಿರಬೇಕು. ಪಶ್ಚಿಮದ ಕಡೆಗೆ ಹೋಗಲು ಮೆರಿಯವರಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಅನುಮತಿ ಸಿಗಲಿಲ್ಲ. ತಾಲಿನ್‌ನಿಂದ ಸಮುದ್ರದಾಚೆ ಎಂಬತ್ತು ಕಿಲೋಮೀಟರ್ ದೂರದ ಹೆಲ್ಸಿಂಕಿ ಅವರಿಗೆ ಮುಚ್ಚಿತ್ತು, ಸುಮಾರು ಏಳು ಸಾವಿರ ಕಿಲೋಮೀಟರ್ ದೂರದ ಕಮ್ಚಾಟ್ಕಾ ತೆರೆದಿತ್ತು. ಅವರು ಆ ತೆರೆದ ದಿಕ್ಕನ್ನೇ ತಮ್ಮ ಕೆಲಸದ ಕ್ಷೇತ್ರವಾಗಿ ಮಾಡಿಕೊಂಡರು, ಸಾಮ್ರಾಜ್ಯವನ್ನು ಅದರ ಹಿತ್ತಲಿನಿಂದ ನೋಡಿದರು. ತನ್ನ ಇತ್ತೀಚಿನ ಇತಿಹಾಸದ ಬಗ್ಗೆ ಮಾತಾಡುವುದನ್ನು ನಿಷೇಧಿಸಿದ್ದ ಕಾಲದಲ್ಲಿ, 1940ರ ಬಗ್ಗೆ ಒಂದು ವಾಕ್ಯ ಬರೆದರೂ ಅಪಾಯವಿದ್ದ ಕಾಲದಲ್ಲಿ, ಎಸ್ಟೋನಿಯಾದ ಕಥೆಯನ್ನು ಅವರು ಸಾವಿರಾರು ವರ್ಷಗಳಷ್ಟು ಹಿಂದಕ್ಕೂ ಸಾವಿರಾರು ಕಿಲೋಮೀಟರ್‌ಗಳಷ್ಟು ಪೂರ್ವಕ್ಕೂ ಹಿಗ್ಗಿಸಿದರು.

ಆ ಹಿಗ್ಗುವಿಕೆಗೆ ಆಧಾರ ಒದಗಿಸಿದ್ದು ಭಾಷೆ. ಎಸ್ಟೋನಿಯನ್, ಫಿನ್ನಿಷ್, ಹಂಗೇರಿಯನ್ ಭಾಷೆಗಳು ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವಲ್ಲ. ಅವು ಉರಾಲಿಕ್ ಕುಟುಂಬದವು. ಆ ಕುಟುಂಬದ ಫಿನ್ನೋ-ಉಗ್ರಿಕ್ ಮತ್ತು ಸಮೊಯೆದ್ ಶಾಖೆಗಳ ಉಳಿದ ಭಾಷೆಗಳನ್ನು ಆಡುವ ಬಹುಪಾಲು ಜನ ರಷ್ಯಾದಲ್ಲಿದ್ದಾರೆ: ಕರೇಲಿಯನ್ನರು, ಮೊರ್ದ್ವಿನ್ನರು, ಮಾರಿಗಳು, ಉದ್ಮುರ್ತರು, ಕೋಮಿಗಳು, ಪಶ್ಚಿಮ ಸೈಬೀರಿಯಾದ ಖಾಂತಿ ಮತ್ತು ಮಾನ್ಸಿಗಳು, ಧ್ರುವಪ್ರದೇಶದ ನೆನೆತ್ಸರು ಮತ್ತು ನ್ಗನಾಸನ್ನರು. ಕನ್ನಡ ಓದುಗರಿಗೆ ಈ ಕುಟುಂಬ ಪೂರ್ತಿ ಹೊರಗಿನದೇನಲ್ಲ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ಕನ್ನಡವೂ ಸೇರಿದ ದ್ರಾವಿಡ ಭಾಷೆಗಳಿಗೆ ತಾವು ‘ಸಿಥಿಯನ್’ ಎಂದು ಕರೆದ ಗುಂಪಿನೊಡನೆ ನಂಟಿದೆಯೆಂದು ವಾದಿಸಿದ್ದರು, ಫಿನ್ನಿಷ್ ಮತ್ತು ಅದರ ಬಂಧುಭಾಷೆಗಳು ಆ ಗುಂಪಿನಲ್ಲಿದ್ದವು. ಇಂದಿನ ಭಾಷಾವಿಜ್ಞಾನ ಆ ನಂಟನ್ನು ಸಾಬೀತಾದದ್ದೆಂದು ಒಪ್ಪುವುದಿಲ್ಲ. ಪ್ರತ್ಯಯಗಳನ್ನು ಒಂದರ ಬೆನ್ನಿಗೊಂದು ಹಚ್ಚುವ ಹೋಲಿಕೆಯೊಂದೇ ಬಂಧುತ್ವವನ್ನು ಸ್ಥಾಪಿಸಲಾರದು. ಭಾಷೆಯ ಬಂಧುತ್ವದಿಂದ ಇನ್ನೇನನ್ನೋ ತೀರ್ಮಾನಿಸುವಾಗ ಇರಬೇಕಾದ ಈ ಎಚ್ಚರ ಮೆರಿಯವರನ್ನು ಓದುವಾಗಲೂ ಬೇಕಾಗುತ್ತದೆ.

ಮೆರಿಯವರ ಕಲೆಯ ತಿರುಳಿರುವುದು ಐದು ಸಾಕ್ಷ್ಯಚಿತ್ರಗಳಲ್ಲಿ. ಫಿನ್ನೋ-ಉಗ್ರಿಕ್ ಜನಾಂಗಗಳ ಚಲನಚಿತ್ರ ವಿಶ್ವಕೋಶವೊಂದನ್ನು ಕಟ್ಟುವುದು ಅವರ ಸಂಕಲ್ಪವಾಗಿತ್ತು. ಮೊದಲನೆಯದು 1970ರ ‘ನೀರುಹಕ್ಕಿಯ ಜನ’. ಜಲಪಕ್ಷಿಯೊಂದು ಇಟ್ಟ ಮೊಟ್ಟೆಯಿಂದಲೋ, ಅದು ನೀರಿನ ತಳದಿಂದ ಕೊಕ್ಕಿನಲ್ಲಿ ತಂದ ಕೆಸರಿನಿಂದಲೋ ಲೋಕ ಹುಟ್ಟಿತೆಂಬ ಸೃಷ್ಟಿಕಥೆ ಈ ಜನಾಂಗಗಳಲ್ಲಿ ಹರಡಿಕೊಂಡಿದೆ. ಶೀರ್ಷಿಕೆ ಬಂದದ್ದು ಅಲ್ಲಿಂದ. ಕಮಾಸ್, ನೆನೆತ್ಸ್, ಖಾಂತಿ, ಕೋಮಿ, ಮಾರಿ, ಕರೇಲಿಯನ್ ಜನರ ಬದುಕನ್ನು ಆ ಚಿತ್ರ ಒಂದೇ ಸರಣಿಯಲ್ಲಿ ಕೂಡಿಸುತ್ತದೆ. 1977ರ ‘ಕ್ಷೀರಪಥದ ಗಾಳಿಗಳು’ ಫಿನ್ಲೆಂಡ್ ಮತ್ತು ಹಂಗೇರಿಯ ಸಹಯೋಗದಲ್ಲಿ ತಯಾರಾಯಿತು. ಸೋವಿಯತ್ ಒಕ್ಕೂಟದಲ್ಲಿ ಅದರ ಪ್ರದರ್ಶನಕ್ಕೆ ತಡೆ ಬಿತ್ತು, ನ್ಯೂಯಾರ್ಕ್ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿ ಪದಕ ಬಂತು. ಫಿನ್ಲೆಂಡಿನ ಶಾಲೆಗಳಲ್ಲಿ ಮೆರಿಯವರ ಚಿತ್ರಗಳು ಮತ್ತು ಬರಹಗಳು ಪಾಠಸಾಮಗ್ರಿಯಾದವು.

ಈ ಚಿತ್ರಗಳಲ್ಲಿ ಸರ್ಕಾರದ ವಿರುದ್ಧ ಒಂದು ಘೋಷಣೆಯೂ ಇಲ್ಲ. ಹಾಗಿದ್ದರೂ ಅಧಿಕಾರಕ್ಕೆ ಅವು ಹಿತವೆನಿಸದಿರಲು ಕಾರಣವಿದೆ. ಸೋವಿಯತ್ ಅಧಿಕೃತ ಚಿತ್ರಣದಲ್ಲಿ ಸೈಬೀರಿಯಾದ ಜನಾಂಗಗಳೆಂದರೆ ಹಬ್ಬದ ವೇದಿಕೆಯ ಮೇಲೆ ಬಣ್ಣದ ಉಡುಪಿನಲ್ಲಿ ಕುಣಿಯುವ, ಅಕ್ಷರ ಮತ್ತು ವಿದ್ಯುತ್ತನ್ನು ತಂದುಕೊಟ್ಟ ರಷ್ಯಾಕ್ಕೆ ಋಣಿಗಳಾಗಿರುವ ಜನ. ಮೆರಿಯವರ ಕ್ಯಾಮೆರಾ ಅವರನ್ನು ವೇದಿಕೆಯಿಂದ ಇಳಿಸಿ ಅವರವರ ಮನೆ, ದೋಣಿ, ಕಾಡುಗಳಿಗೆ ಮರಳಿಸಿತು. ಮರದಲ್ಲಿ ದೋಣಿ ಕೊರೆಯುವ ಕೈ, ಮದುವೆಯ ಶಾಸ್ತ್ರ, ಸತ್ತವರಿಗಾಗಿ ಹಾಡುವ ಶೋಕ, ಬೇಟೆಯಾಡಿದ ಪ್ರಾಣಿಯೊಡನೆ ಮನುಷ್ಯನಿಗಿರುವ ಒಪ್ಪಂದ ಇವೆಲ್ಲ ಒಂದು ಪೂರ್ಣ ಲೋಕದೃಷ್ಟಿಯ ಭಾಗಗಳಾಗಿ ಕಾಣುತ್ತವೆ. ರಷ್ಯಾ ಬರುವ ಮೊದಲೇ ಇವರು ಪೂರ್ಣವಾಗಿದ್ದರು ಎಂಬುದನ್ನು ಪ್ರೇಕ್ಷಕ ತಾನಾಗಿ ಗ್ರಹಿಸುತ್ತಾನೆ. ತಾಲಿನ್‌ನಲ್ಲಿ ಕುಳಿತು ನೋಡುವವನಿಗೆ ಅದರ ಮುಂದಿನ ಪ್ರಶ್ನೆಯೂ ಏಳುತ್ತದೆ, ಏಕೆಂದರೆ 1934ರಲ್ಲಿ ತನ್ನ ದೇಶದ ಜನಸಂಖ್ಯೆಯಲ್ಲಿ ಶೇ 88ರಷ್ಟಿದ್ದ ಎಸ್ಟೋನಿಯನ್ನರು 1989ರ ಹೊತ್ತಿಗೆ ಶೇ 62ರ ಆಸುಪಾಸಿಗೆ ಇಳಿದಿದ್ದರು. ಪರದೆಯ ಮೇಲಿದ್ದದ್ದು ದೂರದ ಬಂಧುಗಳ ಕಥೆ, ಆದರೆ ಅದು ತಮಗೂ ಬರಬಹುದಾದ ಗತಿಯ ಚಿತ್ರವಾಗಿತ್ತು.

ಆ ಗತಿ ಎಂಥದೆಂಬುದಕ್ಕೆ ಕಮಾಸ್ ಭಾಷೆಯ ಉದಾಹರಣೆ ಸಾಕು. ದಕ್ಷಿಣ ಸೈಬೀರಿಯಾದ ಈ ಸಮೊಯೆದ್ ಭಾಷೆ ಸತ್ತುಹೋಯಿತೆಂದು ವಿದ್ವಾಂಸರು ಭಾವಿಸಿದ್ದಾಗ, ಅದನ್ನು ಬಲ್ಲ ಕ್ಲಾವ್ದಿಯಾ ಪ್ಲೋತ್ನಿಕೊವಾ ಎಂಬ ವೃದ್ಧೆ ಪತ್ತೆಯಾದರು. ಮಾತಾಡಲು ಜೊತೆಗಾರರಿಲ್ಲದೆ ವರ್ಷಗಳು ಕಳೆದಿದ್ದರೂ ಪ್ರಾರ್ಥನೆಯಲ್ಲಿ ಅವರು ಭಾಷೆಯನ್ನು ಉಳಿಸಿಕೊಂಡಿದ್ದರು. ತಾರ್ತುವಿನ ಭಾಷಾವಿಜ್ಞಾನಿ ಆಗೊ ಕ್ಯುನ್ನಪ್ 1960ರ ದಶಕದಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡರು. 1970ರಲ್ಲಿ ತಾಲಿನ್‌ನಲ್ಲಿ ನಡೆದ ಫಿನ್ನೋ-ಉಗ್ರಿಕ್ ಅಧ್ಯಯನಗಳ ಅಂತರರಾಷ್ಟ್ರೀಯ ಸಮಾವೇಶಕ್ಕೆ ಆ ವೃದ್ಧೆ ಬಂದಿದ್ದರು. 1989ರಲ್ಲಿ ಅವರು ತೀರಿಕೊಂಡಾಗ ಭಾಷೆಯೂ ತೀರಿತು.

ಉಳಿದ ಚಿತ್ರಗಳಲ್ಲಿ ಎರಡನ್ನು ವಿಶೇಷವಾಗಿ ಗಮನಿಸಬೇಕು. ಖಾಂತಿ ಜನರ ಕರಡಿ ಹಬ್ಬವನ್ನು ದಾಖಲಿಸುವ ‘ತೋರುಮನ ಮಕ್ಕಳು’ (ತೋರುಮ ಅವರ ಆಕಾಶದೇವರು) ಬಂದದ್ದು 1989ರಲ್ಲಿ. ಬೇಟೆಯಾಡಿದ ಕರಡಿಯನ್ನು ಅತಿಥಿಯಾಗಿ ಕೂರಿಸಿ, ದಿನಗಟ್ಟಲೆ ಹಾಡು, ಕಥೆ, ಅಣಕುನಾಟಕಗಳಿಂದ ರಂಜಿಸಿ, ಕ್ಷಮೆ ಕೇಳಿ ಅದರ ಆತ್ಮವನ್ನು ಬೀಳ್ಕೊಡುವ ಈ ಆಚರಣೆಯನ್ನು 1930ರ ದಶಕದಿಂದ ಸೋವಿಯತ್ ಆಡಳಿತ ಹತ್ತಿಕ್ಕಿತ್ತು. 1960ರ ದಶಕದಿಂದ ಅದೇ ಕಾಡುಗಳಲ್ಲಿ ತೈಲಬಾವಿಗಳು ಎದ್ದವು, ಬೇಟೆ ಮತ್ತು ಹಿಮಸಾರಂಗಗಳ ನೆಲ ಕೊಳವೆಮಾರ್ಗಗಳ ಪಾಲಾಯಿತು. ಇನ್ನೊಂದು ಚಿತ್ರ ‘ಶಾಮನ್’; ಶಾಮನ್ ಎಂದರೆ ಆತ್ಮಗಳೊಡನೆ ಮಾತಾಡಬಲ್ಲವನೆಂದು ಜನ ನಂಬುವ ಮಾಂತ್ರಿಕ ಪೂಜಾರಿ. ತೈಮಿರ್ ಪರ್ಯಾಯದ್ವೀಪದ ನ್ಗನಾಸನ್ ಶಾಮನ್ ದೆಮ್ನಿಮೆಯ ಆವೇಶದ ಆಚರಣೆಯನ್ನು ಮೆರಿಯವರ ತಂಡ 1977ರಲ್ಲೇ ಚಿತ್ರೀಕರಿಸಿತ್ತು. ಶಾಮನರನ್ನು ಬಹಿರಂಗವಾಗಿ ತೋರಿಸಿದರೆ ಅವರಿಗೇ ಅಪಾಯವೆಂಬ ಕಾಲ ಅದು. ಚಿತ್ರ ಹೊರಬಂದದ್ದು ಇಪ್ಪತ್ತು ವರ್ಷಗಳ ನಂತರ, 1997ರಲ್ಲಿ, ಆಗ ನಿರ್ದೇಶಕರು ದೇಶದ ಅಧ್ಯಕ್ಷರಾಗಿದ್ದರು.

ಮೆರಿಯವರು ಈ ದಾರಿಯಲ್ಲಿ ಒಂಟಿಯಾಗಿರಲಿಲ್ಲ ಎಂಬುದು ಅಷ್ಟೇ ಮುಖ್ಯ. ಸಂಗೀತಗಾರ ವೆಲ್ಯೊ ತೊರ್ಮಿಸ್ ಅದೇ 1970ರಿಂದ ಬಾಲ್ಟಿಕ್ ತೀರದಲ್ಲಿ ಅಳಿಯುತ್ತಿದ್ದ ಲಿವೋನಿಯನ್, ವೋತ್, ಇಜೋರಿಯನ್, ವೆಪ್ಸ್ ಮೊದಲಾದ ಜನರ ಹಾಡುಗಳನ್ನು ವೃಂದಗಾನಗಳಾಗಿ ಕಟ್ಟುತ್ತಿದ್ದರು. ಮುದ್ರಣ ಕಲಾವಿದ ಕಲ್ಯೊ ಪೊಲ್ಲು 1970ರ ದಶಕದ ಕೊನೆಯಿಂದ ಕಲಾಶಾಲೆಯ ವಿದ್ಯಾರ್ಥಿಗಳನ್ನು ಬಂಧುಜನಾಂಗಗಳ ಹಳ್ಳಿಗಳಿಗೆ ಕರೆದೊಯ್ದು ಚಿತ್ರ ಬರೆಸುತ್ತಿದ್ದರು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ರಾಜಕೀಯ ಭಾಷಣಕ್ಕೆ ಅವಕಾಶವಿಲ್ಲದ ಒಂದು ಸಮಾಜ ತನ್ನ ಅಳಿವು ಉಳಿವಿನ ಚರ್ಚೆಯನ್ನು ಸಂಗೀತ, ಮುದ್ರಣಕಲೆ, ಸಿನಿಮಾಗಳ ಮೂಲಕ ನಡೆಸಿತೆಂಬುದು ಸ್ಪಷ್ಟವಾಗುತ್ತದೆ.

1976ರ ‘ಬೆಳ್ಳಿಬಿಳುಪು’ ಮೆರಿಯವರ ಅತ್ಯಂತ ಪ್ರಸಿದ್ಧ ಗ್ರಂಥ. ಎಸ್ಟೋನಿಯಾದ ಸಾರೆಮಾ ದ್ವೀಪದಲ್ಲಿ ಕಾಲಿ ಎಂಬಲ್ಲಿ ಉಲ್ಕೆ ಬಿದ್ದು ಉಂಟಾದ, ಸುಮಾರು 110 ಮೀಟರ್ ಅಗಲದ ಒಂದು ಕುಳಿಯಿದೆ. ಮನುಷ್ಯರು ನೆಲೆಸಿದ್ದ ಕಾಲದಲ್ಲೇ ಆ ಉಲ್ಕೆ ಬಿದ್ದದ್ದರಿಂದ ಅದರ ನೆನಪು ಜನಪದ ಗೀತೆಗಳಲ್ಲಿ ಉಳಿದಿದೆಯೆಂದೂ, ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಉತ್ತರಕ್ಕೆ ಯಾನ ಮಾಡಿದ ಗ್ರೀಕ್ ಪಥಿಕ ಪಿಥಿಯಾಸ್ ಹೇಳುವ ‘ಥೂಲೆ’ ಎಂಬ ದೂರದ ಉತ್ತರದ ನಾಡು ಈ ದ್ವೀಪವೇ ಆಗಿರಬಹುದೆಂದೂ ಮೆರಿಯವರು ಊಹಿಸಿದರು. ಥೂಲೆಯ ಬಗೆಗಿನ ಊಹೆಯನ್ನು ವಿದ್ವತ್ ವಲಯ ಒಪ್ಪಿಲ್ಲ. ಇತಿಹಾಸದ ಪ್ರಬಂಧವಾಗಿ ಅದು ತೂತುಗಳಿರುವ ವಾದ ಎಂದೇ ನಾನೂ ಹೇಳುತ್ತೇನೆ. ಆದರೆ ಆ ಪುಸ್ತಕ ಓದುಗರಿಗೆ ಕೊಟ್ಟದ್ದು ಬೇರೆಯೇ. ಎಸ್ಟೋನಿಯನ್ನರೆಂದರೆ ಜರ್ಮನ್ ಜಮೀನ್ದಾರರ, ರಷ್ಯನ್ ಚಕ್ರವರ್ತಿಗಳ ಕೈಕೆಳಗೆ ಬದುಕಿದ ಹಳ್ಳಿಗರಷ್ಟೇ ಎಂದು ಕಲಿತಿದ್ದ ಪೀಳಿಗೆಗೆ, ತಮ್ಮ ಪೂರ್ವಿಕರು ಬಾಲ್ಟಿಕ್ ಸಮುದ್ರದ ವ್ಯಾಪಾರಮಾರ್ಗಗಳಲ್ಲಿ ಓಡಾಡಿದ ನಾವಿಕರೂ ಆಗಿದ್ದರೆಂಬ ಚಿತ್ರ ಅದರಿಂದ ಸಿಕ್ಕಿತು. ಇತಿಹಾಸಕಾರನ ಕೆಲಸವನ್ನು ನಿರಾಕರಿಸಲ್ಪಟ್ಟವರು ಸಾಹಿತಿಯಾಗಿ ಇತಿಹಾಸಕ್ಕೆ ಮರಳಿದ ಬಗೆ ಇದು.

1980ರ ದಶಕದ ಕೊನೆಯ ಘಟನೆಗಳನ್ನು ಬೇಗನೆ ಹೇಳಬಹುದು. ಈಶಾನ್ಯ ಎಸ್ಟೋನಿಯಾದಲ್ಲಿ ರಸಗೊಬ್ಬರದ ಖನಿಜವಾದ ಫಾಸ್ಫರೈಟ್‌ನ ಗಣಿಗಳನ್ನು ತೆರೆಯುವ ಮಾಸ್ಕೋದ ಯೋಜನೆಗೆ 1987ರಲ್ಲಿ ಎದ್ದ ವಿರೋಧದಲ್ಲಿ ಮೆರಿಯವರೂ ಇದ್ದರು. 1988ರಲ್ಲಿ ಅವರು ಸ್ಥಾಪಿಸಿದ ಎಸ್ಟೋನಿಯನ್ ಇನ್‌ಸ್ಟಿಟ್ಯೂಟ್ ಹೆಸರಿಗೆ ಸಾಂಸ್ಕೃತಿಕ ಸಂಸ್ಥೆ. ಆದರೆ ಉತ್ತರ ಮತ್ತು ಪಶ್ಚಿಮ ಯುರೋಪಿನಲ್ಲಿ ಅದು ತೆರೆದ ಕಚೇರಿಗಳೇ 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಮರಳಿದಾಗ ರಾಯಭಾರ ಕಚೇರಿಗಳಿಗೆ ಅಡಿಪಾಯವಾದವು. 1990ರಿಂದ ವಿದೇಶಾಂಗ ಸಚಿವರಾಗಿ, 1992ರ ಅಕ್ಟೋಬರ್‌ನಿಂದ 2001ರ ಅಕ್ಟೋಬರ್‌ವರೆಗೆ ಎರಡು ಅವಧಿಗೆ ಅಧ್ಯಕ್ಷರಾಗಿ ಅವರು ದುಡಿದರು. 1994ರ ಜುಲೈನಲ್ಲಿ ಮಾಸ್ಕೋದಲ್ಲಿ ಬೋರಿಸ್ ಯೆಲ್ಟ್‌ಸಿನ್ ಜೊತೆ ಮಾಡಿಕೊಂಡ ಒಪ್ಪಂದದಂತೆ ಅದೇ ಆಗಸ್ಟ್ 31ರೊಳಗೆ ರಷ್ಯನ್ ಸೇನೆ ಎಸ್ಟೋನಿಯಾವನ್ನು ಬಿಟ್ಟುಹೋಯಿತು. ಅವರ ಆಡಳಿತದ ಅತಿ ದೊಡ್ಡ ಸಾಧನೆ ಇದೇ ಎಂದು ನಾನು ತಿಳಿಯುತ್ತೇನೆ. 2006ರ ಮಾರ್ಚ್ 14ರಂದು ಅವರು ತೀರಿಕೊಂಡರು. 2009ರಲ್ಲಿ ತಾಲಿನ್ ವಿಮಾನನಿಲ್ದಾಣಕ್ಕೆ ಅವರ ಹೆಸರಿಡಲಾಯಿತು. 1997ರಲ್ಲಿ ಜಪಾನಿನಿಂದ ಮರಳಿದಾಗ ಪತ್ರಕರ್ತರನ್ನು ನೇರವಾಗಿ ಅದೇ ನಿಲ್ದಾಣದ ಶೌಚಾಲಯಕ್ಕೆ ಕರೆದೊಯ್ದು, ಅದರ ದುಃಸ್ಥಿತಿಯನ್ನು ತೋರಿಸುತ್ತ ಅಲ್ಲೇ ಪತ್ರಿಕಾಗೋಷ್ಠಿ ನಡೆಸಿದ್ದ ಅಧ್ಯಕ್ಷರು ಅವರು.

ಈಗ ಅವರ ಚಿತ್ರಗಳಲ್ಲಿದ್ದ ಜನರ ಕಡೆಗೆ ತಿರುಗೋಣ. ರಷ್ಯಾದ 2010ರ ಜನಗಣತಿಯಲ್ಲಿ ತಮ್ಮನ್ನು ಉದ್ಮುರ್ತರೆಂದು ಬರೆಸಿಕೊಂಡವರು ಸುಮಾರು 5.5 ಲಕ್ಷ, 2021ರ ಗಣತಿಯಲ್ಲಿ ಸುಮಾರು 3.9 ಲಕ್ಷ. ಮೊರ್ದ್ವಿನ್ನರು 7.4 ಲಕ್ಷದಿಂದ 4.8 ಲಕ್ಷಕ್ಕೂ, ಮಾರಿಗಳು 5.5 ಲಕ್ಷದಿಂದ 4.2 ಲಕ್ಷಕ್ಕೂ ಇಳಿದರು. ಕರೇಲಿಯನ್ನರ ಸಂಖ್ಯೆ 61 ಸಾವಿರದಿಂದ 32 ಸಾವಿರಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. 2021ರ ಗಣತಿ ಕೋವಿಡ್ ಕಾಲದಲ್ಲಿ ನಡೆದದ್ದು, ದೇಶದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರ ಜನಾಂಗ ಅದರಲ್ಲಿ ದಾಖಲಾಗಿಲ್ಲ, ಆದ್ದರಿಂದ ಈ ಅಂಕಿಗಳನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಅಷ್ಟನ್ನು ಕಳೆದು ನೋಡಿದರೂ ಇಳಿಕೆಯ ದಿಕ್ಕನ್ನು ಅಲ್ಲಗಳೆಯಲಾಗದು. ಜನ ಸತ್ತು ಸಂಖ್ಯೆ ಕುಗ್ಗಿದ್ದಕ್ಕಿಂತ ಹೆಚ್ಚಾಗಿ, ಮಕ್ಕಳು ರಷ್ಯನ್ ಭಾಷೆಯಲ್ಲೇ ಬೆಳೆದು ತಮ್ಮನ್ನು ರಷ್ಯನ್ನರೆಂದೇ ಬರೆಸಿಕೊಳ್ಳುತ್ತಿರುವುದು ಇಲ್ಲಿ ಕೆಲಸ ಮಾಡುತ್ತಿದೆ.

ಇದಕ್ಕೆ ಕಾನೂನಿನ ನೆರವೂ ಸಿಕ್ಕಿತು. 2018ರಲ್ಲಿ ರಷ್ಯಾ ತನ್ನ ಶಿಕ್ಷಣ ಕಾಯ್ದೆಯನ್ನು ತಿದ್ದಿ, ಸ್ವಾಯತ್ತ ಗಣರಾಜ್ಯಗಳ ಸ್ಥಳೀಯ ಭಾಷೆಗಳ ಕಲಿಕೆಯನ್ನು ಪೋಷಕರ ಐಚ್ಛಿಕ ಆಯ್ಕೆಗೆ ಬಿಟ್ಟಿತು. ರಷ್ಯನ್ ಮಾತ್ರ ಎಲ್ಲರಿಗೂ ಕಡ್ಡಾಯವಾಗಿ ಉಳಿಯಿತು. 2019ರ ಸೆಪ್ಟೆಂಬರ್ 10ರಂದು ಉದ್ಮುರ್ತ್ ವಿದ್ವಾಂಸ ಆಲ್ಬರ್ಟ್ ರಾಜಿನ್ ಇಜೆವ್ಸ್ಕ್ ನಗರದಲ್ಲಿ ತಮ್ಮ ಗಣರಾಜ್ಯದ ಶಾಸನಸಭೆಯ ಎದುರು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ನಾಳೆ ತನ್ನ ಭಾಷೆ ಅಳಿಯುವುದಾದರೆ ಇಂದೇ ಸಾಯಲು ಸಿದ್ಧ ಎಂಬರ್ಥದ ಫಲಕ ಅವರ ಬಳಿಯಿತ್ತು. ಅವರಿಗೆ ಆಗ 79 ವರ್ಷ. ಯುರೋಪಿನ ಪತ್ರಿಕೆಗಳು ಕೆಲವು ದಿನ ಈ ಸುದ್ದಿಯನ್ನು ಪ್ರಕಟಿಸಿ ಮುಂದೆ ಸಾಗಿದವು.

2022ರ ನಂತರ ಎಸ್ಟೋನಿಯಾ ಮತ್ತು ಈ ಜನಾಂಗಗಳ ನಡುವಿನ ಓಡಾಟ ಬಹುಮಟ್ಟಿಗೆ ಕಡಿದುಹೋಗಿದೆ. 1992ರಲ್ಲಿ ಕೋಮಿ ಗಣರಾಜ್ಯದ ಸಿಕ್ತಿವ್ಕಾರ್‌ನಲ್ಲಿ ಆರಂಭವಾದ ಫಿನ್ನೋ-ಉಗ್ರಿಕ್ ಜನಾಂಗಗಳ ವಿಶ್ವ ಸಮಾವೇಶದ ಪರಂಪರೆ 2021ರ ತಾರ್ತು ಅಧಿವೇಶನದ ಹೊತ್ತಿಗೇ ಬಿರುಕು ಬಿಟ್ಟಿತ್ತು. ರಷ್ಯಾದ ಅಧಿಕೃತ ಪ್ರತಿನಿಧಿ ಸಂಘಟನೆ ಅದರಿಂದ ದೂರ ಸರಿದಿತ್ತು. ಎಸ್ಟೋನಿಯನ್ ಸಂಶೋಧಕರು ಖಾಂತಿ ಹಳ್ಳಿಗಳಿಗೆ ಹೋಗಿ ಕೆಲಸ ಮಾಡುವುದು ಈಗ ಊಹೆಗೂ ಕಷ್ಟ. ಈ ಹಿನ್ನೆಲೆಯಲ್ಲಿ ಮೆರಿಯವರ ಚಿತ್ರಗಳ ಸ್ಥಾನವೇ ಬದಲಾಗಿದೆ. ಅವರು ಚಿತ್ರೀಕರಿಸಿದ ಅನೇಕ ಆಚರಣೆಗಳನ್ನು ಬಲ್ಲವರು ಇಂದಿಲ್ಲ, ಇದ್ದರೂ ಕ್ಯಾಮೆರಾ ಅಲ್ಲಿಗೆ ತಲುಪದು.

ಚಿತ್ರಗಳಿಗೂ ಮಿತಿಗಳಿವೆ, ಅವನ್ನು ಅಭಿಮಾನದಿಂದ ಮುಚ್ಚಬಾರದು. ಮೆರಿಯವರ ನಿರೂಪಣೆಯ ಧ್ವನಿ ಬಹಳ ಕಡೆ ಪರದೆಯ ಮೇಲಿನ ಮನುಷ್ಯರ ಪರವಾಗಿ ಮಾತಾಡುತ್ತದೆ, ಅವರೇ ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಿದ್ದರೆಂಬುದಕ್ಕೆ ಜಾಗ ಕಡಿಮೆ. ಭಾಷೆಯ ಬಂಧುತ್ವವನ್ನು ಅವರು ಕೆಲವೊಮ್ಮೆ ಮನೋಧರ್ಮದ ಬಂಧುತ್ವವಾಗಿ, ಸಾವಿರಾರು ವರ್ಷ ಬದಲಾಗದ ಒಂದು ಸಾರವಾಗಿ ಕಾಣುತ್ತಾರೆ. ಲುಥೆರನ್ ರೈತರ ನಾಡಾದ ಎಸ್ಟೋನಿಯಾಕ್ಕೂ ಹಿಮಸಾರಂಗ ಸಾಕುವ ನೆನೆತ್ಸರಿಗೂ ಇರುವ ದೂರ ಅಲ್ಲಿ ಮಸುಕಾಗುತ್ತದೆ. ಸೋವಿಯತ್ ಆಧುನಿಕತೆಯೊಳಗೆ ಬದುಕು ಕಟ್ಟಿಕೊಂಡಿದ್ದ ಖಾಂತಿ ಶಿಕ್ಷಕಿಯೋ ಕೋಮಿ ಎಂಜಿನಿಯರೋ ಆ ಚಿತ್ರಗಳ ಕೇಂದ್ರದಲ್ಲಿಲ್ಲ. ಭಾಷೆ ಉಳಿಯಬೇಕಾದರೆ ಅದು ಕರಡಿ ಹಬ್ಬದಲ್ಲಿ ಮಾತ್ರವಲ್ಲ, ಶಾಲೆ, ಕಚೇರಿ, ಮೊಬೈಲ್‌ಗಳಲ್ಲೂ ಬದುಕಬೇಕೆಂಬ ಇಂದಿನ ಕಾರ್ಯಕರ್ತರ ನಿಲುವು ಮೆರಿಯವರ ದೃಷ್ಟಿಗಿಂತ ಒಂದು ಹೆಜ್ಜೆ ಮುಂದಿದೆ.

ಆದರೂ ಯುರೋಪಿನ ಭದ್ರತಾ ಚರ್ಚೆಗೆ ಮೆರಿಯವರ ಕಲಾಕೃತಿಗಳಿಂದ ಕಲಿಯಬೇಕಾದದ್ದು ಉಳಿದಿದೆ. ರಷ್ಯಾವನ್ನು ಒಂದೇ ಮುಖದ, ಒಂದೇ ಮಾತಿನ ದೇಶವೆಂದು ಪರಿಗಣಿಸುವುದು ಕ್ರೆಮ್ಲಿನ್ ಬಯಸುವ ಚಿತ್ರವನ್ನೇ ಒಪ್ಪಿಕೊಂಡಂತೆ. ಎಸ್ಟೋನಿಯಾ 1999ರಿಂದ ಬಂಧುಜನಾಂಗಗಳಿಗಾಗಿ ಒಂದು ಸರ್ಕಾರಿ ಕಾರ್ಯಕ್ರಮವನ್ನು ನಡೆಸುತ್ತಿದೆ. ಮಾರಿ, ಉದ್ಮುರ್ತ್, ಕೋಮಿ ಯುವಕರು ಅದರ ನೆರವಿನಿಂದ ತಾರ್ತುವಿನಲ್ಲಿ ಓದಿ ತಮ್ಮ ಭಾಷೆಗಳ ಸಂಶೋಧಕರೂ ಬರಹಗಾರರೂ ಆಗಿದ್ದಾರೆ. 2016ರಲ್ಲಿ ತಾರ್ತುವಿನಲ್ಲಿ ಹೊಸ ಕಟ್ಟಡಕ್ಕೆ ಬಂದ ಎಸ್ಟೋನಿಯನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈ ಜನಾಂಗಗಳಿಗೆ ಒಂದು ಶಾಶ್ವತ ವಿಭಾಗವಿದೆ. ಯುದ್ಧದ ನೆವದಲ್ಲಿ ರಷ್ಯನ್ ಪಾಸ್‌ಪೋರ್ಟ್ ಇರುವ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲು ಬಾಗಿಲು ಮುಚ್ಚುವುದು ಇಂಥ ವಿದ್ಯಾರ್ಥಿಗಳ ಪಾಲಿಗೆ. ಅದೇ ವೇಳೆ, ಹೊರದೇಶದ ಸಂಪರ್ಕವಿದೆಯೆಂಬ ಕಾರಣಕ್ಕೆ ರಷ್ಯಾದೊಳಗಿರುವ ಭಾಷಾ ಕಾರ್ಯಕರ್ತರು ಅನುಮಾನಕ್ಕೆ ಗುರಿಯಾಗುವ ಅಪಾಯ ನಿಜವಾಗಿಯೂ ಇರುವುದರಿಂದ, ಬಹಿರಂಗ ಬೆಂಬಲ ಅವರಿಗೆ ಕೇಡನ್ನೂ ತರಬಹುದು. ಈ ಪರಿಸ್ಥಿತಿಯಲ್ಲಿ ಎಸ್ಟೋನಿಯಾ ಮಾಡಬಹುದಾದ ಕೆಲಸಗಳೆಂದರೆ, ಹೊರಗೆ ಬಂದು ಓದಲು ಬಯಸುವವರಿಗೆ ವೀಸಾ ಮತ್ತು ವಿದ್ಯಾರ್ಥಿವೇತನದ ದಾರಿಯನ್ನು ತೆರೆದಿಡುವುದು, ಮೆರಿಯವರ ತಂಡವೂ ತಾರ್ತುವಿನ ವಿದ್ವಾಂಸರೂ ಸಂಗ್ರಹಿಸಿದ ಚಿತ್ರ ಮತ್ತು ಧ್ವನಿಯ ದಾಖಲೆಗಳನ್ನು ಆಯಾ ಭಾಷೆಗಳ ವಿವರಣೆಯೊಂದಿಗೆ ಆ ಜನರ ಮಕ್ಕಳಿಗೇ ದೊರೆಯುವಂತೆ ಮಾಡುವುದು.